ನೀಲಗಿರಿಯ ತಪ್ಪಲಿನ ನೀರು, ಮೀನು, ಬಸವನಹುಳು

ಉದಕಮಂಡಲದಿಂದ ಕಲ್ಹಟ್ಟಿ ಘಾಟಿಯಲ್ಲಿ ಇಳಿಯುವ ರಸ್ತೆ ಮಸಿನಗುಡಿಯನ್ನು ಮುಟ್ಟುವ ಮೊದಲು ಹಾಯ್ದುಹೋಗುವ ಮಾವನಲ್ಲ, ನೀಲಗಿರಿಯ ಕಡಿದಾದ ಉತ್ತರ ಇಳಿಜಾರಿಗೂ ಮೋಯಾರ್ ನದಿಯ ಆಳವಾದ ಕಮರಿಗೂ ನಡುವೆ ಹರಡಿಕೊಂಡಿರುವ ಸೀಗೂರು ಪ್ರಸ್ಥಭೂಮಿಯ ಊರು. ಬೆಟ್ಟದ ಮರೆಯಲ್ಲಿರುವುದರಿಂದ ಇಲ್ಲಿ ಮಳೆ ಕಡಿಮೆ. ಆದರೆ ಮೇಲಿನ ಶೋಲಾ ಕಾಡುಗಳಿಂದ ಮತ್ತು ಹುಲ್ಲುಗಾವಲುಗಳಿಂದ ಇಳಿದು ಬರುವ ಹಳ್ಳಗಳು ಈ ಒಣ ನೆಲವನ್ನು ದಾಟಿ ಮೋಯಾರನ್ನು ಸೇರುತ್ತವೆ, ಮೋಯಾರ್ ಭವಾನಿಯನ್ನು ಸೇರುತ್ತದೆ, ಭವಾನಿ ಕಾವೇರಿಯನ್ನು. ಕನ್ನಡ, ಬಡಗ, ಇರುಳ, ತಮಿಳು ನುಡಿಗಳು ಬೆರೆತಿರುವ ಈ ತಪ್ಪಲಿನ ಚರಿತ್ರೆಯನ್ನು ಆನೆ ಮತ್ತು ಹುಲಿಗಳ ಕಡೆಯಿಂದ, ಕಾಫಿ ಮತ್ತು ಸಿಂಕೋನಾ ತೋಟಗಳ ಕಡೆಯಿಂದ ಬರೆದವರು ಹಲವರಿದ್ದಾರೆ. ಅದೇ ಚರಿತ್ರೆಯನ್ನು ಮೀನಿನ ಕಡೆಯಿಂದ, ಅದರಲ್ಲೂ ಮೀನಿನ ಆಹಾರದ ಕಡೆಯಿಂದ ನೋಡಿದರೆ ಬೇರೊಂದು ಎಳೆ ಕೈಗೆ ಸಿಗುತ್ತದೆ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ಅದರ ಆಹಾರಕ್ಕೆಂದು ಮನೆಯಲ್ಲೇ ಬಸವನಹುಳುಗಳನ್ನು ಬೆಳೆಸುವ ಇಂದಿನ ರೂಢಿ ಆ ಎಳೆಯ ತುದಿಯಲ್ಲಿದೆ.

ಸಾಕುವ ಮೀನಿಗೆ ತಕ್ಕ ಆಹಾರ ಯಾವುದೆಂಬ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಅಧ್ಯಾಯವಿದ್ದು, ಅದರಲ್ಲಿ ಮೀನುಗಳನ್ನು ಕಡಲಿನವು ಮತ್ತು ಹೊಳೆಯವು, ಹುರುಪೆಯುಳ್ಳವು ಮತ್ತು ಹುರುಪೆಯಿಲ್ಲದವು ಎಂದು ವಿಂಗಡಿಸಿದ್ದಲ್ಲದೆ, ಯಾವ ಬಗೆಯ ಮೀನಿಗೆ ಎಳ್ಳಿನ ಹಿಂಡಿ ಅಥವಾ ಹಿಟ್ಟಿನ ಉಂಡೆ ಸಾಕು, ಯಾವುದಕ್ಕೆ ಮಾಂಸವೇ ಬೇಕು ಎಂಬುದನ್ನೂ ಹೇಳಲಾಗಿದೆ. ಗಾಳದ ಬೇಟೆಗೆಂದು ಮೀನನ್ನು ಒಂದೆಡೆ ಸೇರಿಸಿ ಕೊಬ್ಬಿಸುವುದು ಅಲ್ಲಿನ ಉದ್ದೇಶ. ಆದರೂ ಎಲ್ಲ ಮೀನೂ ಒಂದೇ ತುತ್ತನ್ನು ಒಪ್ಪುವುದಿಲ್ಲ, ಆದ್ದರಿಂದ ಸಾಕುವವನು ಮೊದಲು ಮೀನಿನ ಬಾಯಿಯನ್ನು ತಿಳಿದಿರಬೇಕು ಎಂಬ ತಿಳಿವಳಿಕೆ ಆ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ಈ ಅಧ್ಯಾಯವನ್ನು ಆಧುನಿಕ ಮೀನುಶಾಸ್ತ್ರದ ಕಣ್ಣಿನಿಂದ ಓದಿ 1951ರಲ್ಲಿ ಲೇಖನ ಪ್ರಕಟಿಸಿದವರು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಸುಂದರ ಲಾಲ್ ಹೋರಾ. ಅವರ ಹೆಸರು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಗಾಜಿನ ತೊಟ್ಟಿಯಲ್ಲಿ ಬಸವನಹುಳುವಿಗೆ ಜಾಗ ದೊರೆತದ್ದು ಲಂಡನ್ನಿನಲ್ಲಿ, ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನ ಕೈಯಲ್ಲಿ. ಮೀನು ಬಿಡುವ ಇಂಗಾಲಾಮ್ಲವನ್ನು ಗಿಡ ಹೀರುತ್ತದೆ, ಗಿಡ ಬಿಡುವ ಆಮ್ಲಜನಕವನ್ನು ಮೀನು ಬಳಸುತ್ತದೆ, ಹಾಗಾಗಿ ನೀರನ್ನು ಬದಲಿಸದೆಯೇ ಎರಡನ್ನೂ ಬದುಕಿಸಬಹುದು ಎಂಬುದನ್ನು ತೋರಿಸಲು ಆತ ಎರಡು ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನೂ ಒಂದೇ ಪಾತ್ರೆಯಲ್ಲಿಟ್ಟ. ಕೆಲ ಕಾಲದಲ್ಲೇ ಕೊಳೆತ ಎಲೆಗಳಿಂದ ನೀರು ಕೆಡತೊಡಗಿತು. ಆಗ ಆತ ಕೆಲವು ಕೊಳದ ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನು ತಿಂದು ನೀರನ್ನು ತಿಳಿಗೊಳಿಸಿದವು. 1850ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದೆ ಆತ ಮಂಡಿಸಿದ ಈ ಪ್ರಯೋಗದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಬಸವನಹುಳು ಇಟ್ಟ ಮೊಟ್ಟೆಗಳು ಮೀನಿಗೆ ಆಹಾರವಾಗುತ್ತವೆಂಬ ಗಮನಿಕೆ. ಮುಂದೆ ಅಕ್ವೇರಿಯಂ ಹವ್ಯಾಸ ಬೆಳೆದಂತೆ ಬಸವನಹುಳು ತೊಟ್ಟಿಯನ್ನು ಶುಚಿಯಾಗಿಡುವ ಜೀವಿಯೆಂದಷ್ಟೇ ಹೆಸರಾಯಿತು. ಅದು ಮೀನಿನ ತುತ್ತೂ ಹೌದೆಂಬ ಮಾತು ಬಹುಕಾಲ ಹಿಂದೆ ಸರಿಯಿತು.

ಇದೇ ಕಾಲದಲ್ಲಿ ನೀಲಗಿರಿಯ ನೀರಿನಲ್ಲಿ ಇನ್ನೂ ದೊಡ್ಡ ಪ್ರಮಾಣದ ಪ್ರಯೋಗಗಳು ನಡೆಯತೊಡಗಿದವು. ಜಾನ್ ಸಲಿವನ್ 1820ರ ದಶಕದಲ್ಲಿ ಕಟ್ಟಿಸಿದ ಊಟಿಯ ಕೆರೆ ಮತ್ತು ಬೆಟ್ಟದ ತಣ್ಣನೆಯ ತೊರೆಗಳು ತಮ್ಮ ನಾಡಿನ ಟ್ರೌಟ್ ಮೀನಿಗೆ ಹೇಳಿ ಮಾಡಿಸಿದ ತಾಣಗಳೆಂದು ಇಂಗ್ಲಿಷರಿಗೆ ಅನ್ನಿಸಿತು. ಮದ್ರಾಸ್ ಸೇನೆಯ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ 1863ರಲ್ಲಿ ಇಂಗ್ಲೆಂಡಿನಿಂದ ಟ್ರೌಟ್ ಮೊಟ್ಟೆಗಳನ್ನು ತರಲು ಯತ್ನಿಸಿ ಸೋತ. ಊಟಿಯ ಸಸ್ಯೋದ್ಯಾನದ ಮೇಲ್ವಿಚಾರಕನೂ ಸಿಂಕೋನಾ ತೋಟಗಳನ್ನು ಬೆಳೆಸಿದವನೂ ಆದ ವಿಲಿಯಂ ಮ್ಯಾಕೈವರ್ 1866ರಲ್ಲಿ ಮೀನುಗಳನ್ನು ಜೀವಂತವಾಗಿ ಬೆಟ್ಟಕ್ಕೆ ತಲುಪಿಸಿದ. ಆದರೆ ಆಗ ಬಂದ ಟ್ರೌಟ್ ಇಲ್ಲಿ ವಂಶ ಬೆಳೆಸಲಿಲ್ಲ. ನೆಲೆಯೂರಿದ್ದು ಟೆಂಚ್ ಎಂಬ ಮೀನು. ಟ್ರೌಟ್ ನೀಲಗಿರಿಯಲ್ಲಿ ನಿಜವಾಗಿ ನಿಂತದ್ದು, ಮದ್ರಾಸ್ ಸರ್ಕಾರದ ಮೀನು ಸಾಕಣೆ ತಜ್ಞನಾಗಿದ್ದ ಎಚ್. ಸಿ. ವಿಲ್ಸನ್ ಸಿಂಹಳದಿಂದ ರೇನ್‌ಬೋ ಟ್ರೌಟನ್ನು ತರಿಸಿ 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರವನ್ನು ಆರಂಭಿಸಿದ ಮೇಲೆ. 1939ರಲ್ಲಿ ಅದೇ ಸಿಂಹಳದಿಂದ ಸಾಮಾನ್ಯ ಕಾರ್ಪ್ ಮೀನೂ ಊಟಿಗೆ ಬಂತು.

ಈ ಕಥನಗಳಲ್ಲೆಲ್ಲ ಮುಂದೆ ನಿಲ್ಲುವುದು ಮೊಟ್ಟೆ, ಹಡಗು, ಮಂಜುಗಡ್ಡೆ ಮತ್ತು ನೀರಿನ ಉಷ್ಣತೆ. ಬಂದ ಮೀನು ಇಲ್ಲಿ ಏನನ್ನು ತಿನ್ನುತ್ತದೆ, ಅದನ್ನು ಈವರೆಗೆ ಯಾವ ಮೀನು ತಿನ್ನುತ್ತಿತ್ತು ಎಂಬ ಪ್ರಶ್ನೆ ಹಿಂದೆಯೇ ಉಳಿಯಿತು. ಯುರೋಪಿನವರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಐರ್ಲೆಂಡಿನ ಗಿಲ್ಲರೂ ಎಂಬ ಟ್ರೌಟ್ ಬಸವನಹುಳುಗಳನ್ನೇ ಹೆಚ್ಚಾಗಿ ತಿಂದು ಜಠರದ ಗೋಡೆಯನ್ನು ದಪ್ಪವಾಗಿ ಬೆಳೆಸಿಕೊಳ್ಳುತ್ತದೆಂಬುದು ಹದಿನೆಂಟನೆಯ ಶತಮಾನದಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಚರ್ಚೆಯಾಗಿತ್ತು. ಸ್ಕಾಟ್ಲೆಂಡಿನಲ್ಲಿ ಮೀನುಮರಿ ಕೇಂದ್ರ ನಡೆಸುತ್ತಿದ್ದ ಆರ್ಮಿಸ್ಟೆಡ್ 1895ರ ತನ್ನ ಪುಸ್ತಕದಲ್ಲಿ, ಟ್ರೌಟ್ ಕೊಳವನ್ನು ಕಟ್ಟುವವರು ಮೀನನ್ನು ಬಿಡುವ ಮೊದಲು ನೀರಿನ ಬಸವನಹುಳು, ಸಣ್ಣ ಸೀಗಡಿ ಮುಂತಾದ ಆಹಾರಜೀವಿಗಳನ್ನು ಬೆಳೆಸಿಕೊಳ್ಳಬೇಕೆಂದು ವಿಸ್ತಾರವಾಗಿ ಬರೆದ. ಮೀನು ಸಾಕುವವನು ಮೊದಲು ಹುಳು ಸಾಕಬೇಕೆಂಬ ಈ ತತ್ತ್ವವೇ ಇಂದು ಮನೆಗಳಲ್ಲಿ ಬಸವನಹುಳುವನ್ನು ಬೆಳೆಸುವವರ ತತ್ತ್ವವೂ ಆಗಿದೆ. ನೀಲಗಿರಿಯಲ್ಲಿ ನೆಲೆಯೂರಿದ ಟೆಂಚ್ ಮತ್ತು ಕಾರ್ಪ್‌ಗಳೆರಡೂ ಕೆಸರನ್ನು ಕೆದಕಿ ಬಸವನಹುಳುಗಳನ್ನು ತಿನ್ನುವ ಮೀನುಗಳೆಂಬುದನ್ನು ನೆನೆದರೆ, ಬೆಟ್ಟದ ನೀರಿಗೆ ಬಂದ ಅತಿಥಿಗಳು ತಮ್ಮ ಊಟವನ್ನು ತಾವೇ ಹುಡುಕಿಕೊಂಡವೆಂದೇ ಹೇಳಬೇಕು.

ಸೋತ ಟ್ರೌಟ್ ಪ್ರಯತ್ನದಿಂದ ವಿಜ್ಞಾನಕ್ಕೆ ಒಂದು ದೊಡ್ಡ ಲಾಭವಾಯಿತು. ಹೊರಗಿನ ಮೀನನ್ನು ತರಲು ಹೊರಟಿದ್ದ ಡೇ ಇಲ್ಲಿನ ಮೀನುಗಳನ್ನು ಗಮನಿಸತೊಡಗಿ, 1867ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ನೀಲಗಿರಿ ಬೆಟ್ಟಗಳ ಮತ್ತು ಅವುಗಳ ಬುಡದ ಸುತ್ತಲಿನ ಹೊಳೆಗಳ ಮೀನುಗಳನ್ನು ಕುರಿತು ದೀರ್ಘ ಲೇಖನವನ್ನು ಪ್ರಕಟಿಸಿದ. ಈ ಬೆಟ್ಟಗಳಲ್ಲಿ ಮಾತ್ರ ಸಿಗುವ ನೀಲಗಿರಿ ಡಾನಿಯೊ ಎಂಬ ಪುಟ್ಟ ಮೀನಿಗೆ ವೈಜ್ಞಾನಿಕ ಹೆಸರು ಬಂದದ್ದು ಅದೇ ಲೇಖನದಲ್ಲಿ. ಇಂದು ಆ ಮೀನು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ, ಮತ್ತು ಅದಕ್ಕೆ ಒದಗಿರುವ ಕುತ್ತುಗಳಲ್ಲಿ ಹೊರಗಿನಿಂದ ತಂದುಬಿಟ್ಟ ಮೀನುಗಳೂ ಸೇರಿವೆ. ಒಬ್ಬನೇ ಮನುಷ್ಯ ಒಂದು ಬೆಟ್ಟದ ಮೀನನ್ನು ಲೋಕಕ್ಕೆ ಪರಿಚಯಿಸಿದ್ದೂ ಅದರ ನೀರಿಗೆ ಪರದೇಶದ ಮೀನನ್ನು ತರಲು ದುಡಿದದ್ದೂ ಆ ಕಾಲದ ಪ್ರಕೃತಿವಿಜ್ಞಾನದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ಬಸವನಹುಳುಗಳ ವಿಷಯದಲ್ಲೂ ಇದಕ್ಕೆ ಸರಿಸಮವಾದ ಒಂದು ಉದಾಹರಣೆಯಿದೆ. ಬಂಗಾಳದ ಆಡಳಿತ ಸೇವೆಯಲ್ಲಿದ್ದ ವಿಲಿಯಂ ಬೆನ್ಸನ್ ಭಾರತದ ಬಸವನಹುಳುಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬ. ಪಶ್ಚಿಮ ಘಟ್ಟಗಳ ಮಳೆಕಾಡುಗಳಲ್ಲಿ ಮಾತ್ರ ಕಾಣುವ, ತೆಳು ಚಿಪ್ಪಿನ ಹೊರಗೆ ಕೆಂಪು ಅಥವಾ ಹಳದಿ ಮೈ ಚಾಚಿಕೊಂಡು ಹರಿಯುವ ಇಂಡ್ರೆಲ್ಲಾ ಆಂಪುಲ್ಲಾ ಎಂಬ ನೆಲದ ಹುಳುವನ್ನು 1850ರಲ್ಲಿ ನೀಲಗಿರಿಯ ಮಾದರಿಗಳಿಂದ ವರ್ಣಿಸಿದವನು ಆತನೇ. ಅದಕ್ಕೆ ಮೂರು ವರ್ಷ ಹಿಂದೆ, 1847ರಲ್ಲಿ, ಮಾರಿಷಸ್ಸಿನಿಂದ ಆಫ್ರಿಕಾದ ದೈತ್ಯ ಬಸವನಹುಳುವನ್ನು ಕಲ್ಕತ್ತೆಗೆ ತಂದವನೂ ಆತನೇ. ಚೌರಂಗಿಯ ಒಂದು ತೋಟದಲ್ಲಿ ಬಿಡುಗಡೆಯಾದ ಆ ಹುಳು ಮುಂದೆ ದೇಶದ ಹಲವೆಡೆ ಹರಡಿ, ಇಂದು ಕರ್ನಾಟಕದ ತೋಟಗಾರರು ಶಂಖದ ಹುಳುವೆಂದು ಕರೆದು ಉಪ್ಪು, ಸುಣ್ಣ ಹಿಡಿದು ಹೋರಾಡುತ್ತಿರುವ ಪೀಡೆಯಾಗಿದೆ. ಬೆನ್ಸನ್ನನ ನಂತರ ಬ್ಲ್ಯಾನ್‌ಫರ್ಡ್ ಸಹೋದರರು 1860ರ ದಶಕದಲ್ಲಿ ದಕ್ಷಿಣದ ಬೆಟ್ಟಗಳ ಹುಳುಗಳನ್ನು ವಿವರಿಸಿದರು. ಅವರಲ್ಲಿ ಹೆನ್ರಿ ನೀಲಗಿರಿಯ ಶಿಲೆಗಳನ್ನು ಮೊದಲು ಕ್ರಮವಾಗಿ ಅಭ್ಯಸಿಸಿದ ಭೂವಿಜ್ಞಾನಿ. ಆ ಶಿಲೆಗೂ ಬಸವನಹುಳುವಿಗೂ ಇರುವ ನಂಟು ಮುಂದೆ ತಿಳಿಯುತ್ತದೆ.

ಮೀನಿನ ಆಹಾರಕ್ಕೆ ಒದಗುವುದು ನೆಲದ ಹುಳುವಲ್ಲ, ನೀರಿನ ಹುಳು. ಮತ್ತು ಲೋಕದಾದ್ಯಂತ ತೊಟ್ಟಿಗಳಲ್ಲಿ ಸಾಕುವ ನೀರಿನ ಹುಳುಗಳಲ್ಲಿ ಎರಡಕ್ಕೆ ದಕ್ಷಿಣ ಭಾರತವೂ ತವರು. ಸಣ್ಣ ಶಂಕುವಿನಂತೆ ಉದ್ದಕ್ಕೆ ಸುತ್ತಿಕೊಂಡು, ಹಗಲಿಡೀ ಮರಳಿನಲ್ಲಿ ಹುದುಗಿದ್ದು ಇರುಳು ಮೇಲೆ ಬರುವ ಮೆಲನಾಯ್ಡಿಸ್ ಟ್ಯೂಬರ್ಕ್ಯುಲೇಟಾವನ್ನು ಡೆನ್ಮಾರ್ಕಿನ ಮ್ಯುಲ್ಲರ್ 1774ರಲ್ಲಿ ಕೋರಮಂಡಲ ತೀರದ ಮಾದರಿಗಳಿಂದ ಹೆಸರಿಸಿದ. ಇದು ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಅದರ ಚಿಪ್ಪು ಗಟ್ಟಿಯಾದ್ದರಿಂದ ಸಣ್ಣ ಮೀನಿಗೆ ಒಡೆಯುವುದು ಕಷ್ಟ. ಇನ್ನೊಂದು, ಗಡಿಯಾರದ ಸುರುಳಿಯಂತೆ ಒಂದೇ ಸಮತಲದಲ್ಲಿ ಸುತ್ತಿದ ಚಪ್ಪಟೆ ಚಿಪ್ಪಿನ ಇಂಡೊಪ್ಲಾನಾರ್ಬಿಸ್ ಎಕ್ಸಸ್ಟಸ್. ಫ್ರಾನ್ಸಿನ ದೆಶಾಯೆ 1830ರ ದಶಕದಲ್ಲಿ ವರ್ಣಿಸಿದ ಈ ಹುಳುವಿಗೆ, ಇದು ಬೇರೆ ದೇಶಗಳ ಚಪ್ಪಟೆ ಹುಳುಗಳಿಂದ ಭಿನ್ನವೆಂದು ಕಂಡು ಇಂಡೊಪ್ಲಾನಾರ್ಬಿಸ್ ಎಂಬ ಪ್ರತ್ಯೇಕ ಕುಲವನ್ನು 1921ರಲ್ಲಿ ಗುರುತಿಸಿದವರು ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಸ್ಥಾಪಕ ನೆಲ್ಸನ್ ಅನಂಡೇಲ್ ಮತ್ತು ಬೈನಿ ಪ್ರಸಾದ್. ಕೆರೆ, ಗದ್ದೆ, ದನ ಇಳಿಯುವ ಹೊಂಡ ಎಲ್ಲೆಡೆ ಸಿಗುವ ಇದು ನೀರಿನ ಮೇಲಕ್ಕೆ ಬಂದು ಗಾಳಿಯನ್ನು ಉಸಿರಾಡುತ್ತದೆ, ಹೊಂಡ ಬತ್ತಿದರೆ ಕೆಸರಿನಲ್ಲಿ ಅವಿತು ಮಳೆಗಾಗಿ ಕಾಯುತ್ತದೆ. ಇದರ ನೆತ್ತರಿನಲ್ಲಿ ನಮ್ಮ ನೆತ್ತರಿನಲ್ಲಿರುವಂಥ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆಯಿರುವ ನೀರಿನಲ್ಲೂ ಇದು ಬದುಕುತ್ತದೆ. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಒಂಟಿ ಹುಳುವೊಂದನ್ನು ಡಬ್ಬಿಯಲ್ಲಿಟ್ಟರೂ ಅದು ಫಲಭರಿತ ಮೊಟ್ಟೆಗಳನ್ನು ಇಡಬಲ್ಲದು. ಸಾಕುವವರಿಗೆ ಇದಕ್ಕಿಂತ ಒಗ್ಗುವ ಜೀವಿ ಸಿಗುವುದು ಅಪರೂಪ.

ಇಷ್ಟಾದರೂ ಈ ಹುಳುವನ್ನು ಮನೆಯಲ್ಲಿ ಕಾಳಜಿಯಿಂದ ಬೆಳೆಸುವ ಅಗತ್ಯ ಹುಟ್ಟಿದ್ದು ಒಂದು ಮೀನಿನ ದೆಸೆಯಿಂದ. ಹೋರಾ ಮತ್ತು ಕೆ. ಕೆ. ನಾಯರ್ 1941ರಲ್ಲಿ ತಿರುವಾಂಕೂರಿನ ಪಂಪಾ ನದಿಯಿಂದ ಕೆಲವೇ ಸೆಂಟಿಮೀಟರ್ ಉದ್ದದ, ಹಸಿರು ಮಿಶ್ರಿತ ಹಳದಿ ಮೈಮೇಲೆ ಕಪ್ಪು ಮಚ್ಚೆಗಳಿರುವ ಒಂದು ಮೀನನ್ನು ವರ್ಣಿಸಿದರು. ಹೆದರಿದಾಗ ನೀರನ್ನು ನುಂಗಿ ಉಬ್ಬುವ ಪಫರ್ ಮೀನುಗಳ ಕುಟುಂಬಕ್ಕೆ ಸೇರಿದ ಇದಕ್ಕೆ ಇಂದಿನ ವೈಜ್ಞಾನಿಕ ಹೆಸರು ಕ್ಯಾರಿನೊಟೆಟ್ರಡಾನ್ ಟ್ರಾವಂಕೊರಿಕಸ್. ವ್ಯಾಪಾರದಲ್ಲಿ ಬಟಾಣಿ ಪಫರ್. ಪಫರ್ ಕುಟುಂಬದ ಬಹುತೇಕ ಮೀನುಗಳು ಕಡಲಿನವು ಅಥವಾ ಅಳಿವೆಯವು; ಇದಾದರೋ ಜನ್ಮವಿಡೀ ಸಿಹಿನೀರಿನಲ್ಲಿ, ಪಶ್ಚಿಮ ಘಟ್ಟಗಳಿಂದ ಅರಬ್ಬೀ ಕಡಲಿನತ್ತ ಹರಿಯುವ ಹೊಳೆಗಳಲ್ಲಿ ಬಾಳುತ್ತದೆ. ಸೀಗೂರಿನ ನೀರು ಮೂಡಣಕ್ಕೆ ಹರಿದು ಕಾವೇರಿಯನ್ನು ಸೇರುವುದರಿಂದ ಮೋಯಾರಿನಲ್ಲಿ ಈ ಮೀನಿಲ್ಲ. ಇದನ್ನು ವರ್ಣಿಸಿದ ಮರುವರ್ಷವೇ, 1942ರಲ್ಲಿ, ಹೋರಾ ಮೈಸೂರು ಸಂಸ್ಥಾನದ ಮತ್ತು ಅದರ ನೆರೆಯ ನೀಲಗಿರಿ, ವಯನಾಡು, ಕೊಡಗು ಬೆಟ್ಟಸಾಲುಗಳ ಮೀನುಗಳ ಪಟ್ಟಿಯನ್ನು ಪ್ರಕಟಿಸಿದರು. ಆಡಳಿತದ ಗಡಿಗಳನ್ನು ಬದಿಗಿಟ್ಟು, ಮೈಸೂರನ್ನೂ ನೀಲಗಿರಿಯನ್ನೂ ನೀರಿನ ಸಂಬಂಧದಿಂದ ಒಂದೇ ಪ್ರದೇಶವಾಗಿ ಕಂಡ ಆ ಪಟ್ಟಿ ಗಡಿನಾಡಿನ ಪ್ರಕೃತಿಯನ್ನು ಓದಬೇಕಾದ ಬಗೆಯನ್ನೇ ತೋರಿಸಿತು.

ಕೇರಳದ ಹೊಳೆಗಳಿಂದ ಹಿಡಿದ ಬಟಾಣಿ ಪಫರ್ ಇಪ್ಪತ್ತನೆಯ ಶತಮಾನದ ಕೊನೆಗೆ ಯುರೋಪು, ಅಮೆರಿಕಗಳ ಅಂಗಡಿಗಳನ್ನು ಸೇರಿ ಜನಪ್ರಿಯವಾಯಿತು. ಹಿಡಿಯುವುದು ಮಿತಿಮೀರಿದ್ದು ಮತ್ತು ಹೊಳೆಗಳು ಕೆಟ್ಟದ್ದು ಎರಡೂ ಸೇರಿ ಅದನ್ನು ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಗೆ ತಂದವು. ಅದನ್ನು ಕೊಂಡುಕೊಂಡವರಿಗೆ ಎದುರಾದ ಮೊದಲ ತೊಡಕು ಆಹಾರದ್ದು. ಇತರ ಮೀನುಗಳು ಆಸೆಯಿಂದ ತಿನ್ನುವ ಒಣ ಹರಳು ಮತ್ತು ಪುಡಿಯನ್ನು ಇದು ಮೂಸಿಯೂ ನೋಡದು. ಅಲುಗಾಡುವ ತುತ್ತೇ ಇದಕ್ಕೆ ಬೇಕು. ತೊಟ್ಟಿಗೆ ಒಂದು ಚಪ್ಪಟೆ ಹುಳುವನ್ನು ಬಿಟ್ಟರೆ, ಮೀನು ರೆಕ್ಕೆಗಳನ್ನು ಬಡಿಯುತ್ತಾ ಇದ್ದಲ್ಲೇ ನಿಂತು, ಎರಡು ಕಣ್ಣುಗಳನ್ನೂ ಬೇರೆ ಬೇರೆಯಾಗಿ ಹೊರಳಿಸಿ ಅದನ್ನು ಅಳೆಯುತ್ತದೆ. ಹುಳು ಚಿಪ್ಪಿನಿಂದ ಮೈ ಹೊರಚಾಚುವವರೆಗೆ ಕಾದು, ಒಮ್ಮೆಲೇ ಮುನ್ನುಗ್ಗಿ ಮೆತ್ತನೆಯ ಭಾಗವನ್ನು ಕಚ್ಚಿ ಎಳೆಯುತ್ತದೆ. ಎಳೆಯ ಹುಳುವಾದರೆ ಚಿಪ್ಪನ್ನೂ ಒಡೆಯುತ್ತದೆ. ಪಫರ್‌ಗಳ ಹಲ್ಲುಗಳು ಕೂಡಿಕೊಂಡು ಮೇಲೆರಡು, ಕೆಳಗೆರಡು ಫಲಕಗಳಾಗಿ ಕೊಕ್ಕಿನಂತೆ ನಿಂತಿರುತ್ತವೆ. ಅವು ಬೆಳೆಯುತ್ತಲೇ ಇರುವುದರಿಂದ ಚಿಪ್ಪಿನ ಆಹಾರದಿಂದ ಸವೆಯಬೇಕೆಂಬುದು ದೊಡ್ಡ ಪಫರ್‌ಗಳನ್ನು ಸಾಕಿದವರ ಅನುಭವ.

ಹೊಂಡದಿಂದ ಹಿಡಿದು ತಂದ ಹುಳುವನ್ನೇ ಮೀನಿಗೆ ಹಾಕಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ಪಶುವೈದ್ಯದ ಚರಿತ್ರೆಯಲ್ಲಿದೆ. ಮಸಿನಗುಡಿ, ಮಾವನಲ್ಲ ಸುತ್ತಿನ ಊರುಗಳು ದನಗಳಿಗೆ ಹೆಸರಾದವು. ಕಾಡಂಚಿನ ದೊಡ್ಡಿಗಳಲ್ಲಿ ಕೂಡಿದ ಮಂದೆಗಳ ಗೊಬ್ಬರ ಬಹುಕಾಲದಿಂದ ಹೊರಗಿನ ತೋಟಗಳಿಗೆ ಮಾರಾಟವಾಗುತ್ತಾ ಬಂದಿದೆ. ಇಂಥ ಮಂದೆಗಳು ನೀರು ಕುಡಿಯುವ ಹೊಂಡಗಳಲ್ಲೇ ಬಸವನಹುಳುಗಳೂ ಇರುತ್ತವೆ, ಮತ್ತು ಆ ಹುಳುಗಳ ಮೈಯಲ್ಲಿ ದನಗಳನ್ನು ಕಾಡುವ ಪರಾವಲಂಬಿಗಳ ಮರಿಗಳು ಬೆಳೆಯುತ್ತವೆ. ದನಗಳ ಮೂಗಿನ ರಕ್ತನಾಳಗಳಲ್ಲಿ ನೆಲೆಸಿ ಉಸಿರಿಗೆ ಅಡ್ಡಿಯಾಗುವ, ಗೊರಕೆಯಂಥ ಸದ್ದು ಬರಿಸುವುದರಿಂದ ಗೊರಕೆ ರೋಗವೆಂದು ಹೆಸರಾದ ವ್ಯಾಧಿಯ ಪರಾವಲಂಬಿಯನ್ನು 1933ರಲ್ಲಿ ವರ್ಣಿಸಿದವರು ಎಂ. ಎ. ಎನ್. ರಾವ್. ಅದರ ಮರಿಗಳಿಗೆ ಮುಖ್ಯ ಆಶ್ರಯ ಇದೇ ಇಂಡೊಪ್ಲಾನಾರ್ಬಿಸ್ ಎಂಬುದು ಸಂಶೋಧನೆಗಳಿಂದ ಖಚಿತವಾಗಿದೆ. ಇಂಥ ಹುಳುಗಳಿಂದ ನೀರಿಗೆ ಬಿಡುಗಡೆಯಾಗುವ ಕೆಲವು ಪರಾವಲಂಬಿಗಳ ಮರಿಗಳು ಮನುಷ್ಯರ ಚರ್ಮವನ್ನು ಹೊಕ್ಕು ತುರಿಕೆಯನ್ನೂ ತರುತ್ತವೆ. ಆದರೆ ಈ ಪರಾವಲಂಬಿ ಬಸವನಹುಳುವಿನಿಂದ ಅದರ ಮೊಟ್ಟೆಗೆ ದಾಟುವುದಿಲ್ಲ. ದನದ ಸಂಪರ್ಕವಿಲ್ಲದ ನೀರಿನಲ್ಲಿ ಮೊಟ್ಟೆಯಿಂದ ಬೆಳೆದ ಹುಳು ರೋಗಮುಕ್ತವಾಗಿರುತ್ತದೆ. ಬಲ್ಲವರು ದೊಡ್ಡ ಹುಳುಗಳನ್ನು ತಂದು ನೇರವಾಗಿ ಮೀನಿನ ತೊಟ್ಟಿಗೆ ಬಿಡದೆ, ಎಲೆಯಡಿಗೆ ಅಂಟಿದ ಮೊಟ್ಟೆಗಳ ಲೋಳೆಯನ್ನಷ್ಟೇ ಬಿಡಿಸಿ, ತೊಳೆದು, ಬೇರೆ ಪಾತ್ರೆಯಲ್ಲಿ ಮರಿ ಮಾಡಿಸುವುದು ಈ ಕಾರಣದಿಂದ.

ಮೊಟ್ಟೆಯಿಂದಲೇ ಆರಂಭಿಸುವುದರಿಂದ ಇನ್ನೊಂದು ಅನುಕೂಲವಿದೆ: ಯಾವ ಜಾತಿಯನ್ನು ಸಾಕುತ್ತಿದ್ದೇವೆಂಬುದು ಸಾಕುವವರ ಹತೋಟಿಯಲ್ಲಿರುತ್ತದೆ. ನೀರುಗಿಡಗಳ ವ್ಯಾಪಾರದೊಂದಿಗೆ ಉತ್ತರ ಅಮೆರಿಕದ ಫೈಸಾ ಅಕ್ಯೂಟಾ ಎಂಬ ಬಸವನಹುಳು ಲೋಕದ ಬಹುಭಾಗಕ್ಕೆ, ಭಾರತಕ್ಕೂ, ಹರಡಿದೆ. ಚಿಪ್ಪಿನ ತುದಿ ಮೇಲಾಗಿ, ಬಾಯಿ ನೋಡುವವರ ಕಡೆಗಿರುವಂತೆ ಹಿಡಿದಾಗ ಬಾಯಿ ಎಡಕ್ಕೆ ಬಂದರೆ ಅದು ಫೈಸಾ; ನಮ್ಮ ಕೊಳಗಳ ಲಿಮ್ನಿಯಾ ಎಂಬ ಹುಳುವಿನಲ್ಲಿ ಬಾಯಿ ಬಲಕ್ಕಿರುತ್ತದೆ. ಇದಕ್ಕಿಂತ ಭಾರಿ ಹಾನಿ ಮಾಡಿದ್ದು ದಕ್ಷಿಣ ಅಮೆರಿಕದ ಬಂಗಾರದ ಬಣ್ಣದ ಸೇಬುಹುಳು. 1980ರ ಸುಮಾರಿಗೆ ತೈವಾನಿಗೆ ತಿನ್ನಲೆಂದು ತಂದ ಅದು ತಪ್ಪಿಸಿಕೊಂಡು ಆಗ್ನೇಯ ಏಷ್ಯಾದ ಭತ್ತದ ಗದ್ದೆಗಳನ್ನು ಹಾಳುಗೆಡವಿತು. ಮುದುಮಲೈ ಹುಲಿ ಮೀಸಲು ಪ್ರದೇಶದ ಅಂಚಿನಲ್ಲಿರುವ, ಪ್ರತಿ ಹಳ್ಳವೂ ಮೋಯಾರಿಗೆ ಇಳಿಯುವ ಸೀಗೂರಿನಂಥ ತಾಣದಲ್ಲಿ ತೊಟ್ಟಿಯ ನೀರನ್ನು ಎಲ್ಲಿ ಚೆಲ್ಲುತ್ತಾರೆಂಬುದು ಸಣ್ಣ ವಿಷಯವಲ್ಲ. ಅಂಗಡಿಯ ಪರದೇಶಿ ಹುಳುವಿಗಿಂತ ಊರ ಕೆರೆಯ ಹುಳುವನ್ನೇ ಸಾಕುವುದು ಇಲ್ಲಿ ಹೆಚ್ಚು ವಿವೇಕದ ದಾರಿ.

ಸಾಕುವ ಕೆಲಸದಲ್ಲಿ ಬೆಟ್ಟದ ನೀರು ಒಡ್ಡುವ ಮುಖ್ಯ ತೊಡಕು ಸುಣ್ಣದ ಕೊರತೆ. ನೀಲಗಿರಿಯ ಮೈಯೆಲ್ಲ ಚಾರ್ನೊಕೈಟ್ ಎಂಬ ಗಟ್ಟಿ ಶಿಲೆ. ಅದರ ಮೇಲೆ ಹರಿದು ಬರುವ ನೀರು ಮೆದುವಾಗಿರುತ್ತದೆ, ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ ಅತ್ಯಲ್ಪ; ಬಸವನಹುಳುವಿನ ಚಿಪ್ಪಾದರೋ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟಿನದು. ಇಂಥ ನೀರಿನಲ್ಲಿ ಹುಳುಗಳ ಚಿಪ್ಪು ಬಿಳಿಚಿಕೊಂಡು, ತುದಿಯಲ್ಲಿ ಗುಳಿಬಿದ್ದು, ಅಂಚು ಮುರಿಯತೊಡಗುತ್ತದೆ. ತೊಳೆದು ಒಣಗಿಸಿ ಪುಡಿಮಾಡಿದ ಕೋಳಿಮೊಟ್ಟೆಯ ಸಿಪ್ಪೆಯನ್ನೋ ಕಪ್ಪೆಚಿಪ್ಪಿನ ಚೂರನ್ನೋ ತಳಕ್ಕೆ ಹಾಕಿದರೆ, ಕೆಲ ವಾರಗಳಲ್ಲಿ ಚಿಪ್ಪಿನ ಹೊಸ ಅಂಚು ದೃಢವಾಗಿ ಬೆಳೆದದ್ದು ಕಣ್ಣಿಗೇ ಕಾಣುತ್ತದೆ. ಉಳಿದಂತೆ ಬೇಕಾದದ್ದು ಹೆಚ್ಚೇನಿಲ್ಲ: ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಟ್ಟ ನೀರು, ಕುದಿನೀರಿನಲ್ಲಿ ಅದ್ದಿ ಮೆತ್ತಗಾಗಿಸಿದ ಪಾಲಕ್ ಅಥವಾ ಎಲೆಕೋಸು, ಸೌತೆಕಾಯಿಯ ಬಿಲ್ಲೆ, ಕೊಳೆಯುವ ಮೊದ‌ಲೇ ತೆಗೆಯುವ ಎಚ್ಚರ. ರೈತ ಸಿಂಪಡಿಸಿದ ಔಷಧದ ಅಂಶ ಸೊಪ್ಪಿನಲ್ಲಿ ಉಳಿದಿದ್ದರೆ ಅಥವಾ ತಾಮ್ರವಿರುವ ಮೀನಿನ ಔಷಧವೇನಾದರೂ ನೀರಿಗೆ ಬಿದ್ದರೆ ಹುಳುಗಳು ಸಾಲಾಗಿ ಸಾಯುತ್ತವೆ.

ಬಟಾಣಿ ಪಫರನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿದ್ಯೆ ಬೆಳೆದಂತೆ ಬಸವನಹುಳು ಸಾಕಣೆಗೆ ಹೊಸ ಬಗೆಯ ನಿಖರತೆ ಬೇಕಾಗಿದೆ. ಹೊಳೆಯಿಂದ ಹಿಡಿಯುವುದನ್ನು ಕಡಿಮೆ ಮಾಡಬಲ್ಲ ದಾರಿ ಅದು. ಆದರೆ ಒಮ್ಮೆಗೆ ಸಿಗುವ ಮೊಟ್ಟೆಗಳು ಕೆಲವೇ, ಪಾಚಿಯ ನಡುವೆ ಅವನ್ನು ಹುಡುಕುವುದೂ ಪ್ರಯಾಸ. ಒಡೆದು ಬಂದ ಮರಿ ಮೊದಲ ದಿನಗಳಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಜೀವಿಗಳನ್ನು ತಿನ್ನುತ್ತದೆ, ಆಮೇಲೆ 1930ರ ದಶಕದಿಂದ ಮೀನುಮರಿಗಳ ಸಾಕಣೆಯನ್ನೇ ಬದಲಿಸಿದ ಆರ್ಟೀಮಿಯಾ ಎಂಬ ಉಪ್ಪುನೀರಿನ ಸೀಗಡಿಯ ಮರಿಗಳನ್ನು. ಮುಂದಿನ ಹಂತದಲ್ಲಿ ಅದಕ್ಕೆ ಬೇಕಾಗುವುದು ಆಗತಾನೇ ಲೋಳೆಯಿಂದ ಹೊರಬಿದ್ದ, ಚಿಪ್ಪು ಇನ್ನೂ ಪಾರದರ್ಶಕವಾಗಿರುವ ಬಸವನಹುಳು. ಬೆಚ್ಚನೆಯ ನೀರಿನಲ್ಲಿ ಇಂಡೊಪ್ಲಾನಾರ್ಬಿಸ್ ಮೊಟ್ಟೆಗಳು ಒಡೆಯಲು ಒಂದು ವಾರದಷ್ಟು ಹಿಡಿಯುತ್ತದೆ, ಮಾವನಲ್ಲದ ಚಳಿಗಾಲದ ತಂಪಿನಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಮೀನಿನ ಮರಿ ಆ ಹಂತಕ್ಕೆ ಬರುವ ದಿನವನ್ನು ಮೊದಲೇ ಲೆಕ್ಕಹಾಕಿ, ಹುಳುಗಳ ಪಾತ್ರೆಯಿಂದ ಲೋಳೆಯನ್ನು ತೆಗೆದು ಬೇರೆ ಇಡಬೇಕಾಗುತ್ತದೆ.